ಪ್ರಾಣಿಗಳ ದಾರಿಯಲ್ಲಿ ಡೇರೆ ಹಾಕದಿರೋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಬದುಕುವ ನಮಗೆ ಕಾಡು ಪರಿಚಯದ ನೆಲವಲ್ಲ. ಕಣ್ಣು ಹಾಯಿಸಿದತ್ತ ಕಬ್ಬು, ನಿಪ್ಪಾಣಿಯ ಸುತ್ತ ತಂಬಾಕು, ಅಥಣಿಯ ಕಡೆ ದ್ರಾಕ್ಷಿ ತೋಟ, ನಡುವೆ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು. ಈ ನೆಲದ ಅಪಾಯಗಳೇನೋ ನಮಗೆ ಗೊತ್ತಿವೆ. ಕೃಷ್ಣೆಯ ದಂಡೆಯಲ್ಲಿ ಬಟ್ಟೆ ಒಗೆಯುವ ತಾಯಂದಿರಿಗೆ ಮೊಸಳೆಯ ಎಚ್ಚರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಹೊಲಕ್ಕೆ ಕಾಲಿಡುವ ರೈತ ಹಾವನ್ನು ನೆನೆದೇ ಹೆಜ್ಜೆ ಇಡುತ್ತಾನೆ. ಆದರೆ ಕರಡಿ ಎಂದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ಜಾತ್ರೆ, ಮೆರವಣಿಗೆಗಳಲ್ಲಿ ಬಾರಿಸುವ ಕರಡಿ ಮಜಲಿನ ವಾದ್ಯವೇ ಹೊರತು ಆ ಪ್ರಾಣಿಯಲ್ಲ.

ಹಾಗೆಂದು ಕಾಡು ನಮ್ಮಿಂದ ಬಹಳ ದೂರದಲ್ಲೂ ಇಲ್ಲ. ನಿಪ್ಪಾಣಿಯಿಂದ ದೇವಗಡದ ಕಡೆಗೆ ಹೋಗುವ ರಸ್ತೆಯೇ ರಾಧಾನಗರಿ, ದಾಜಿಪುರಗಳನ್ನು ಹಾದು ಘಟ್ಟ ಇಳಿಯುತ್ತದೆ. 1958ರಲ್ಲಿಯೇ ಕಾಡುಕೋಣಗಳಿಗಾಗಿ ಅಭಯಾರಣ್ಯವಾದ ಪ್ರದೇಶವದು. ಅಲ್ಲಿ ಕರಡಿಗಳೂ ಇವೆ. ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡವಿದೆ, ಅದರಾಚೆ ದಾಂಡೇಲಿಯ ಕಾಡು. ಈದ್ ಮುಗಿದ ಮರುವಾರ, ಪರೀಕ್ಷೆ ಮುಗಿದ ಮರುದಿನ ನಮ್ಮ ಹುಡುಗರು ಬೈಕು ಹತ್ತಿ ಹೊರಡುವುದು ಈ ಕಡೆಗೇ. ಮೊದಲು ಸಂಜೆಗೆ ಮನೆ ಸೇರುತ್ತಿದ್ದರು. ಈಗ ಆನ್‌ಲೈನಿನಲ್ಲಿ ಡೇರೆ ಅಗ್ಗವಾಗಿ ಸಿಗುತ್ತದೆ. ಕಾಡಿನಂಚಿನಲ್ಲಿ ರಾತ್ರಿ ಕಳೆದು ವೀಡಿಯೊ ಮಾಡಿ ತರುವ ಉತ್ಸಾಹ ಹೆಚ್ಚಾಗಿದೆ.

ಈ ಬಾರಿ ನಮ್ಮ ಮೊಹಲ್ಲಾದ ಆರು ಹುಡುಗರು ಅಂತಹದೇ ಯೋಜನೆ ಮಾಡಿದಾಗ ಮನೆಯವರೆಲ್ಲ ಕೂತು ಮಾತನಾಡಿದೆವು. ತಾಯಂದಿರು ಬೇಡವೆಂದರು. ಹುಡುಗರಲ್ಲೊಬ್ಬ, ಒಳ್ಳೆಯ ನಮಾಝಿ, ಹೀಗೆಂದ: “ಚಾಚಾ, ತಕ್ದೀರಿನಲ್ಲಿ ಬರೆದದ್ದು ಮನೆಯಲ್ಲಿದ್ದರೂ ಆಗುತ್ತದೆ. ಅಲ್ಲಾಹನ ಮೇಲೆ ತವಕ್ಕುಲ್ ಇಟ್ಟು ಹೋಗುತ್ತೇವೆ.” ಮಾತು ಧಾರ್ಮಿಕವಾಗಿ ಕೇಳಿಸುತ್ತದೆ. ಹಿರಿಯರಲ್ಲಿ ಕೆಲವರು ತಲೆದೂಗಿದರು ಕೂಡ. ಈ ಬರಹಕ್ಕೆ ಕಾರಣವಾದದ್ದು ಆ ತಲೆದೂಗುವಿಕೆಯೇ.

ಶಾಮ್ ದೇಶದತ್ತ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಸರ್ಗ್ ಎಂಬಲ್ಲಿ ಮುಂದಿನ ನಾಡಿನಲ್ಲಿ ಪ್ಲೇಗ್ ಹರಡಿದ ಸುದ್ದಿ ಬಂತು. ಸಮಾಲೋಚನೆ ನಡೆಸಿ ಅವರು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಎಂದು ವಿವರಿಸಿದರು. ಹಸಿರಿನ ಕಡೆ ಹೋಗುವ ಬುದ್ಧಿಯನ್ನು ಕೊಟ್ಟವನೂ ಅವನೇ ತಾನೇ? ತವಕ್ಕುಲ್ ಎಂಬುದು ಆ ಬುದ್ಧಿಯನ್ನು ಬಳಸಿದ ನಂತರ ಹೃದಯದಲ್ಲಿ ಉಳಿಯುವ ನೆಮ್ಮದಿ. ಬುದ್ಧಿಯನ್ನು ಮನೆಯಲ್ಲಿಟ್ಟು ಹೊರಡುವುದಕ್ಕೆ ಆ ಹೆಸರು ಸಲ್ಲದು.

ರಾತ್ರಿ ಬಯಲಿನಲ್ಲಿ ತಂಗುವವರಿಗೆ ಪ್ರವಾದಿ(ಸ)ರವರು ನೀಡಿದ ಸೂಚನೆಗಳನ್ನು ಒಟ್ಟಾಗಿ ಓದಿದರೆ ನಮಗೆ ಅಚ್ಚರಿಯಾಗುತ್ತದೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸಿನಲ್ಲಿ, ಪ್ರಯಾಣದ ನಡುವೆ ರಾತ್ರಿ ತಂಗುವಾಗ ದಾರಿಯಿಂದ ಸರಿದುಕೊಳ್ಳಬೇಕೆಂದು ಅವರು ಆದೇಶಿಸಿದ್ದಾರೆ. ಕಾರಣವನ್ನೂ ಹೇಳಿದ್ದಾರೆ: ಹಗಲು ಮನುಷ್ಯ ನಡೆದ ದಾರಿ ರಾತ್ರಿ ಪ್ರಾಣಿಗಳದೂ ವಿಷಜಂತುಗಳದೂ ಆಗಿರುತ್ತದೆ. ಕಾಡಿನ ಕಾಲುದಾರಿಯನ್ನು ನೋಡಿದವರಿಗೆ ಈ ಮಾತಿನ ಸತ್ಯ ತಿಳಿಯುತ್ತದೆ. ಕರಡಿಯೂ ಮುಳ್ಳುಪೊದೆಗಳ ನಡುವೆ ನುಸುಳುವುದಕ್ಕಿಂತ ಸವೆದ ದಾರಿಯಲ್ಲಿ ನಡೆಯುವುದನ್ನೇ ಇಷ್ಟಪಡುತ್ತದೆ. ಆದರೆ ಡೇರೆ ಹಾಕುವ ಹುಡುಗರಿಗೆ ಕಲ್ಲಿಲ್ಲದ ಸಮತಟ್ಟು ನೆಲ ಬೇಕು, ಅದು ಸಿಗುವುದು ಅದೇ ದಾರಿಯ ಮೇಲೆ. ಒಂಟಿಯಾಗಿ ರಾತ್ರಿ ಪ್ರಯಾಣಿಸುವುದನ್ನು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಮಲಗುವ ಮುನ್ನ ಹಾಸಿಗೆ ಕೊಡವಲು, ಪಾತ್ರೆ ಮುಚ್ಚಲು, ಬೆಂಕಿ ಆರಿಸಲು ಕಲಿಸಿದ್ದಾರೆ. ತಂಗುವ ಸ್ಥಳದಲ್ಲಿ ಸೃಷ್ಟಿಗಳ ಕೆಡುಕಿನಿಂದ ಅಲ್ಲಾಹನ ಅಭಯ ಯಾಚಿಸುವ ದುಆವನ್ನೂ ಕಲಿಸಿದ್ದಾರೆ. ದಾರಿಯಿಂದ ಸರಿಯಿರಿ ಎಂದವರೂ ದುಆ ಮಾಡಿರಿ ಎಂದವರೂ ಒಬ್ಬರೇ ಎಂಬುದನ್ನು ನಾವು ಮರೆಯಬಾರದು.

ಇನ್ನು ಕರಡಿಯ ವಿಷಯ. ಹುಡುಗರು ಮೊಬೈಲಿನಲ್ಲಿ ನೋಡಿ ಕಲಿತದ್ದು ಅಮೆರಿಕದ ಕರಡಿಗಳ ಪಾಠ. ಕೈ ಮೇಲೆತ್ತಿ ದೊಡ್ಡವರಂತೆ ಕಾಣಿರಿ, ಕಿರುಚಿ ಹೆದರಿಸಿರಿ ಎಂದೆಲ್ಲ ಅಲ್ಲಿದೆ. ನಮ್ಮ ಕಾಡಿನ ಕರಡಿ ಬೇರೆಯದೇ ಜಾತಿ. ಹುಲಿ, ಚಿರತೆಗಳ ನಡುವೆ ಬದುಕಿ ಬಂದ ಪ್ರಾಣಿಯದು. ಹತ್ತಿರದಲ್ಲಿ ಬೆಚ್ಚಿಬಿದ್ದರೆ ಓಡಿಹೋಗುವ ಬದಲು ಮೇಲೆರಗುವುದೇ ಅದರ ಆತ್ಮರಕ್ಷಣೆ. ಮನುಷ್ಯನನ್ನು ತಿನ್ನಲು ಅದು ಬರುವುದಿಲ್ಲ. ಗೆದ್ದಲು, ಇರುವೆ, ಜೇನು, ಕಾಡುಹಣ್ಣು ಅದರ ಆಹಾರ. ಗೆದ್ದಲನ್ನು ಹೀರಿಕೊಳ್ಳಲು ಅನುಕೂಲವಾಗುವಂತೆ ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳೇ ಇಲ್ಲ. ಸೃಷ್ಟಿಕರ್ತನ ಯೋಜನೆ ನೋಡಿ. ಮೂಗು ಬಹಳ ಚುರುಕು, ಕಣ್ಣು ಮಂದ. ಹುತ್ತ ಅಗೆದು ಸದ್ದು ಮಾಡುತ್ತಾ ತಿನ್ನುವಾಗ ನಾವು ಬರುವುದು ಅದಕ್ಕೆ ಕೇಳಿಸುವುದೂ ಇಲ್ಲ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿಯಿರುವ ತಾಯಿಯ ಹತ್ತಿರ ಎಡವಿದವನ ಗತಿ ಕಷ್ಟ. ಬೆಳೆದ ಗಂಡು 100 ಕಿಲೋ ಮೀರಿ ತೂಗಬಲ್ಲದು. ಮಣ್ಣು ಅಗೆಯಲೆಂದು ಇರುವ ಉದ್ದನೆಯ ಬಾಗಿದ ಉಗುರುಗಳು ಮನುಷ್ಯನ ಮುಖಕ್ಕೆ ತಾಗಿದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ.

ಖಾನಾಪುರದ ಕಡೆ ನಮ್ಮ ಬಂಧುಗಳೊಬ್ಬರಿದ್ದಾರೆ. ಬೇಸಿಗೆಯಲ್ಲಿ, ಕವಳಿ ಹಣ್ಣಾಗುವ ಕಾಲದಲ್ಲಿ, ಫಜ್ರ್‌ಗೆ ಮುಂಚೆ ಹೊಲದ ಅಂಚಿನ ಹಳ್ಳಕ್ಕೆ ವುಝೂ ಮಾಡಲು ಹೋಗಿದ್ದರು. ಪ್ರತಿದಿನ ಹೋಗುವ ಜಾಗ. ಪೊದೆಯ ಆಚೆ ಕರಡಿ, ಈಚೆ ಇವರು. ಇಬ್ಬರಿಗೂ ಒಬ್ಬರ ಅರಿವು ಒಬ್ಬರಿಗಿರಲಿಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿದಿತ್ತು ಎನ್ನುತ್ತಾರೆ. ಕರಡಿ ತಾನಾಗಿಯೇ ಹೊರಟುಹೋಯಿತು. ಒಂದು ಕಣ್ಣು ಹೋಯಿತು, ದವಡೆ ಹೊಲಿಯಬೇಕಾಯಿತು. ಈಗ ಮಾತು ಸ್ವಲ್ಪ ತೊದಲುತ್ತದೆ, ಆದರೂ ಇಮಾಮರ ಹಿಂದಿನ ಮೊದಲ ಸಾಲು ಬಿಟ್ಟಿಲ್ಲ. ಹುಡುಗರನ್ನು ನಾವು ಕರೆದೊಯ್ದದ್ದು ಅವರ ಬಳಿಗೆ. ಅವರು ಉಪದೇಶವೇನೂ ಮಾಡಲಿಲ್ಲ. “ನೋಡ್ರಪಾ, ನಾ ಸದ್ದು ಮಾಡಿಕೊಂಡು ಹೋಗಿದ್ದರ ಅದು ಅದರ ಹಾದಿ ಹಿಡೀತಿತ್ತು” ಎಂದಷ್ಟೇ ಹೇಳಿ ಚಹಾ ಕುಡಿಸಿದರು. ತವಕ್ಕುಲ್‌ನ ಮಾತಾಡಿದ ಹುಡುಗ ಅಲ್ಲಿ ತುಟಿ ಬಿಚ್ಚಲಿಲ್ಲ.

ಕರಡಿಯ ಓಡಾಟ ಹೆಚ್ಚಾಗಿ ರಾತ್ರಿ, ಮುಸ್ಸಂಜೆ ಮತ್ತು ನಸುಕಿನಲ್ಲಿ. ಅಂದರೆ ಮಗ್‌ರಿಬ್‌ನಿಂದ ಫಜ್ರ್‌ವರೆಗೆ, ನಾವು ನೀರು ಹುಡುಕಿ ಎದ್ದು ಹೋಗುವ ವೇಳೆಗಳಲ್ಲಿಯೇ! ಆದುದರಿಂದ ವುಝೂವಿನ ನೀರನ್ನು ಹಗಲಿನಲ್ಲಿಯೇ ಕ್ಯಾನಿನಲ್ಲಿ ತುಂಬಿಟ್ಟುಕೊಳ್ಳಬೇಕು. ನೀರು ಮುಗಿದುಹೋಗಿ, ಹಳ್ಳಕ್ಕೆ ಹೋಗಲು ಹಿಂಸ್ರ ಪ್ರಾಣಿಯ ಭಯವಿದ್ದರೆ? ನೀರು ಕಣ್ಣಿಗೆ ಕಾಣುತ್ತಿದ್ದರೂ ಶತ್ರುವೋ ಮೃಗವೋ ಅಡ್ಡವಿದ್ದರೆ ತಯಮ್ಮುಮ್ ಮಾಡಬಹುದೆಂದು ಫಿಕ್ಹ್ ಗ್ರಂಥಗಳು ಸ್ಪಷ್ಟವಾಗಿ ಹೇಳುತ್ತವೆ. ನಮಾಝಿನ ನಡುವೆಯೇ ಹಾವು, ಚೇಳು ಕಂಡರೆ ಕೊಲ್ಲಲು ಪ್ರವಾದಿ(ಸ)ರವರು ಅನುಮತಿಸಿದ್ದರೆಂಬ ವರದಿಯಿದೆ; ಪ್ರಾಣಾಪಾಯ ಬಂದಾಗ ನಮಾಝ್ ಮುರಿದು ರಕ್ಷಿಸಿಕೊಳ್ಳಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಮನೆಗಳಲ್ಲಿ ನಾವು ಮಕ್ಕಳಿಗೆ ನಮಾಝಿನ ಫರ್ಝ್‌ಗಳನ್ನು ಕಲಿಸುತ್ತೇವೆ, ಈ ರಿಯಾಯಿತಿಗಳನ್ನು ಕಲಿಸುವುದು ಕಡಿಮೆ.

ಸದ್ದಿನ ವಿಷಯದಲ್ಲೂ ನಮ್ಮ ಬಳಿ ಒಂದು ಸಂಪತ್ತಿದೆ. ಬಯಲಿನಲ್ಲಿ ಕುರಿ ಕಾಯುವವನು ಅಝಾನ್ ಕೊಡುವಾಗ ಧ್ವನಿ ಎತ್ತರಿಸಲಿ ಎಂಬ ಹದೀಸ್ ಬುಖಾರಿಯಲ್ಲಿದೆ. ಏರು ಹತ್ತುವಾಗ ತಕ್ಬೀರ್, ಇಳಿಯುವಾಗ ತಸ್ಬೀಹ್ ಹೇಳುವುದು ಸಹಾಬಿಗಳ ರೂಢಿಯಾಗಿತ್ತು. ಇವೆಲ್ಲ ಆರಾಧನೆ. ಅಝಾನ್ ಕರಡಿ ಓಡಿಸುವ ಉಪಾಯವೆಂದು ನಾವು ಖಂಡಿತ ಹೇಳುತ್ತಿಲ್ಲ. ಅದಕ್ಕೆ ವಾಗ್ದಾನ ಮಾಡಲಾದ ಪ್ರತಿಫಲವೇ ಬೇರೆ. ಆದರೆ ದಿಬ್ಬದ ತಿರುವಿನಲ್ಲಿ, ಪೊದೆ ದಟ್ಟವಾದಲ್ಲಿ ಮನುಷ್ಯನ ಮಾತು ಕೇಳಿಸಿದರೆ ಕರಡಿ ಸರಿದುಕೊಳ್ಳಲು ಸಮಯ ಸಿಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರಾಗಿ ಮೌನವಾಗಿ ನಡೆಯುವುದಕ್ಕಿಂತ ಜೊತೆಯಾಗಿ ಮಾತಾಡುತ್ತಾ ನಡೆಯುವುದು ಮೇಲು.

ಡೇರೆಗೆ ಜಾಗ ನೋಡುವಾಗ ಕಲ್ಲುಬಂಡೆಗಳ ಪೊಟರೆ, ನೀರಿನ ದಡ, ಹುತ್ತಗಳಿರುವ ನೆಲ, ಹಣ್ಣುದುರಿದ ಅತ್ತಿ, ನೇರಳೆ ಮರದಡಿ ಬೇಡ. ಹೊಸದಾಗಿ ಒಡೆದ ಹುತ್ತ, ಆಳವಾದ ಗುಂಡಿ, ಮರದ ತೊಗಟೆಯ ಮೇಲೆ ಉಗುರಿನ ಗೀರು, ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡರೆ ಅದು ಕರಡಿಯ ಮನೆಯಂಗಳ. ಬಿರಿಯಾನಿಯ ಉಳಿಕೆಯನ್ನು ಡೇರೆಯ ಹಿಂದೆ ಚೆಲ್ಲುವ ಅಭ್ಯಾಸವಂತೂ ಎಲ್ಲಿಯೂ ಒಳ್ಳೆಯದಲ್ಲ. ನಾಯಿಯನ್ನು ಜೊತೆಗೆ ಒಯ್ಯಬಾರದು. ಅದು ಕರಡಿಯನ್ನು ಕೆಣಕಿ, ಅಟ್ಟಿಸಿಕೊಂಡು ನೇರ ಯಜಮಾನನ ಬಳಿಗೇ ಓಡಿಬರುತ್ತದೆ. ಮತ್ತು ಇವೆಲ್ಲಕ್ಕಿಂತ ಮೊದಲಿನ ಮಾತು: ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಎಚ್ಚರ ವಹಿಸಿದರೂ ಎದುರಾಗಬಹುದು. ದೂರದಲ್ಲಿ ಕಂಡರೆ ಓಡದೆ, ಕಲ್ಲೆಸೆಯದೆ, ಫೋಟೊಗೆ ನಿಲ್ಲದೆ ಮೆಲ್ಲನೆ ಹಿಂದೆ ಸರಿಯಬೇಕು. ಓಟದಲ್ಲಿ ಅದನ್ನು ಗೆಲ್ಲಲಾಗದು, ಮರ ಹತ್ತುವುದು ಅದಕ್ಕೂ ಬರುತ್ತದೆ. ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೊತ್ತಿ, ಎರಡೂ ಕೈಗಳ ಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಂಡು ಅದು ಹೋಗುವವರೆಗೂ ಅಲುಗಾಡದಿರಬೇಕು. ಬೆನ್ನಿನ ಗಾಯ ಮಾಯುತ್ತದೆ, ಕಣ್ಣು ಮರಳಿ ಬರುವುದಿಲ್ಲ. ಆನಂತರ ರಕ್ತ ಸುರಿಯುವ ಕಡೆ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ಗಾಯಗಳನ್ನು ಸೋಪು ನೀರಿನಿಂದ 15 ನಿಮಿಷ ತೊಳೆಯುವುದು, ರೇಬಿಸ್ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಕೊಡಿಸುವುದು ತಪ್ಪಬಾರದು. ಅರಿಶಿನ, ಸುಣ್ಣ ಮೆತ್ತುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರನ್ನು ದೂರವಿಡಿ.

ಕರಡಿಯ ಮಾತು ಬಂದಾಗ ಮುಸ್ಲಿಮರಾದ ನಾವು ದಾಟಿಹೋಗಲಾಗದ ಇನ್ನೊಂದು ಕಥೆಯಿದೆ. ಊರೂರಿಗೆ ಕರಡಿಯನ್ನು ತಂದು ಕುಣಿಸುತ್ತಿದ್ದವರು ಬಹುಪಾಲು ನಮ್ಮವರೇ ಆದ ಖಲಂದರ್ ಸಮುದಾಯದವರು. ನಮ್ಮ ದಾದಿ, ನಾನಿಯರ ಕಾಲದಲ್ಲಿ ಅವರು ಬಂದಾಗ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ, ಅದರ ಕೂದಲನ್ನು ತಾಯತದಲ್ಲಿಟ್ಟು ಕೊರಳಿಗೆ ಕಟ್ಟುವುದಿತ್ತು. ಮಗು ಬೆಚ್ಚಿ ಬೀಳುವುದಿಲ್ಲವೆಂಬ ನಂಬಿಕೆ. ಕುರ್‌ಆನ್ ವಚನ ಬರೆದ ತಾಯತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರಬಹುದು, ಮೃಗದ ಕೂದಲಿಗೆ ರಕ್ಷಿಸುವ ಶಕ್ತಿಯಿದೆ ಎಂಬುದಕ್ಕೆ ದೀನ್‌ನಲ್ಲಿ ಯಾವ ಸ್ಥಾನವೂ ಇಲ್ಲ. ಆ ಕುಣಿತದ ಹಿಂದೆ ಇದ್ದದ್ದೇನು? ಕಾಡಿನಲ್ಲಿ ತಾಯಿಯನ್ನು ಕೊಂದು ತಂದ ಮರಿ, ಕಾದ ಸೂಜಿಯಿಂದ ತೂತು ಮಾಡಿದ ಮೂತಿ, ಅದರಲ್ಲಿ ಹಗ್ಗ. ಹಕ್ಕಿಯ ಮರಿಗಳನ್ನು ಎತ್ತಿ ತಂದವರಿಗೆ ಅವನ್ನು ತಾಯಿಗೆ ಮರಳಿಸಲು ಹೇಳಿದ, ಪ್ರಾಣಿಯ ಮುಖಕ್ಕೆ ಬರೆ ಹಾಕಿದವನನ್ನು ಶಪಿಸಿದ ಪ್ರವಾದಿ(ಸ)ರವರ ಅನುಯಾಯಿಗಳು ನಾವು. ಖಲಂದರರು ಬಡವರು, ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ ಎಂಬುದೂ ನಿಜವೇ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಅವರಿಗೆ ಬದಲಿ ಜೀವನೋಪಾಯ ಒದಗಿಸುತ್ತಾ ಕರಡಿಗಳನ್ನು ಬಿಡಿಸಿಕೊಂಡಿತು. ಕುಣಿಯುವ ಕೊನೆಯ ಕರಡಿ ಎನ್ನಲಾದ ಪ್ರಾಣಿ 2009ರ ಡಿಸೆಂಬರಿನಲ್ಲಿ ಬೆಂಗಳೂರಿನ ಬನ್ನೇರುಘಟ್ಟದ ಕೇಂದ್ರವನ್ನು ಸೇರಿತು. ಹಂಪಿಯ ಹತ್ತಿರದ ದರೋಜಿಯಲ್ಲಿ 1994ರಿಂದಲೇ ಕರಡಿಗಳಿಗಾಗಿ ಪ್ರತ್ಯೇಕ ಧಾಮವಿದೆ. ಕುಟುಂಬ ಸಮೇತ ಕರಡಿ ನೋಡಬೇಕೆನ್ನುವವರು ಅಲ್ಲಿಗೆ ಹೋಗಿ ವೀಕ್ಷಣಾ ಗೋಪುರದಿಂದ ನೋಡಬಹುದು.

ನಮ್ಮ ಆರು ಹುಡುಗರು ಹೋಗಿಬಂದರು. ಡೇರೆಯನ್ನು ಮನೆಯಲ್ಲಿಯೇ ಬಿಟ್ಟು, ರಾತ್ರಿ ರಾಧಾನಗರಿ ಊರಿನ ವಸತಿಗೃಹದಲ್ಲಿ ಉಳಿದು, ಬಿಸಿಲೇರಿದ ಮೇಲೆ ಅನುಮತಿ ಚೀಟಿಯೊಂದಿಗೆ, ಮಾರ್ಗದರ್ಶಕನ ಜೊತೆ ಕಾಡು ನೋಡಿದರು. ಕಾಡುಕೋಣಗಳು ಕಂಡವಂತೆ. ಕರಡಿ ಕಾಣಲಿಲ್ಲ. ಒಂದು ಕಡೆ ಆಗತಾನೆ ಒಡೆದ ಹುತ್ತವಿತ್ತು, ಮಣ್ಣು ಇನ್ನೂ ಹಸಿಯಾಗಿತ್ತು. ಹತ್ತಿರ ಹೋಗದೆ ದೂರದಿಂದಲೇ ತೆಗೆದ ಅದರ ಫೋಟೊವನ್ನು ಖಾನಾಪುರದ ಚಾಚಾ ಅವರಿಗೆ ಕಳುಹಿಸಿದ್ದಾರೆ.