ರಾತ್ರಿ ಮನೆಗೆ ಬರುವ ಲಾರಿ

ಕೆಲಸಕ್ಕೆ ಸೇರುವ ಗಂಡಸರು ಮೊದಲು ಕೇಳುವುದು ಸಂಬಳ ಎಷ್ಟೆಂದು. ಹೆಂಗಸರು ಮೊದಲು ಕೇಳುವುದು ಎಷ್ಟು ಹೊತ್ತಿಗೆ ಬಿಡುತ್ತಾರೆಂದು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಹೊಸದಾಗಿ ಬಂದ ಟೀಚರುಗಳು ಕುರ್ಚಿಯಲ್ಲಿ ಕೂರುವ ಮೊದಲೇ ಸಂಜೆಯ ಬಸ್ಸಿನ ವೇಳೆ ವಿಚಾರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಈ ಪ್ರಶ್ನೆಯನ್ನು ಲಾರಿ ಓಡಿಸುವ ಕೆಲಸಕ್ಕೂ ಕೇಳಬೇಕಾಗುತ್ತದೆ, ಅದನ್ನು ನನ್ನ ಮಗಳೇ ಕೇಳುತ್ತಾಳೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆನೇನೋ.

ಮಗಳು ಇರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಗ್ರೀನ್ ಕಾರ್ಡ್ ಆಗಿದೆ. ಗಂಡನಿಂದ ಬೇರೆಯಾಗಿ ನಾಲ್ಕು ವರ್ಷವಾಗಿತ್ತು. ಒಬ್ಬನೇ ಮಗ, ಆಗ ಒಂಬತ್ತು ವರ್ಷದವನು. ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. 2023ರ ಬೇಸಿಗೆಯಲ್ಲಿ ಆ ವಿಭಾಗವನ್ನೇ ಮುಚ್ಚಿದರು. ಎರಡು ತಿಂಗಳು ಅರ್ಜಿ ಹಾಕಿ ಸೋತು ಒಂದು ದಿನ ಫೋನ್ ಮಾಡಿದಳು: "ಅಮ್ಮ, ಆರು ತಿಂಗಳು ಇಲ್ಲಿಗೆ ಬಂದಿರ್ತೀಯಾ? ಇವನನ್ನ ನೋಡ್ಕೊಂಡಿರು. ನಾನು ಟ್ರಕ್ ಕಲೀತೀನಿ."

"ಟ್ರಕ್ ಅಂದ್ರೆ?"

"ಲಾರಿ ಕಣಮ್ಮ."

ನಮ್ಮೂರು ಸಕಲೇಶಪುರ. ಲಾರಿ ನಮಗೆ ಹೊಸದಲ್ಲ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಲಾರಿ, ಟ್ಯಾಂಕರುಗಳ ಸದ್ದಿನಲ್ಲೇ ನಿದ್ದೆ ಮಾಡಿ ಅಭ್ಯಾಸವಾದವರು ನಾವು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟಿದರೆ ಮೈಲುಗಟ್ಟಲೆ ಸಾಲು. ಡ್ರೈವರು ಒಂದು ಕಡೆ ಬೀಡಿ ಹಚ್ಚಿಕೊಂಡು, ಕ್ಲೀನರು ಹುಡುಗ ಇನ್ನೊಂದು ಕಡೆ ಸ್ಟವ್ ಹಚ್ಚಿ ಅನ್ನಕ್ಕಿಡುವ ದೃಶ್ಯ. ಆ ಸೀಟಿನಲ್ಲಿ ಹೆಣ್ಣೊಬ್ಬಳು ಕೂತಿದ್ದನ್ನು ನಾನು ಕಂಡಿರಲಿಲ್ಲ. "ಓದಿದ ಹುಡುಗಿಗೆ ಇದೇನು ಗತಿ?" ಎಂದಳು ನನ್ನ ತಂಗಿ. ನಾನು ಉತ್ತರ ಕೊಡದೆ ಸ್ವೆಟರು, ಶಾಲುಗಳನ್ನು ಪೆಟ್ಟಿಗೆಗೆ ತುಂಬಿದೆ. ಅಕ್ಟೋಬರಿನಲ್ಲಿ ಹೊರಟೆ.

ಅಲ್ಲಿಗೆ ಹೋದ ಮೇಲೆ ಅವಳ ಯೋಚನೆಗೆ ಅರ್ಥ ಸಿಕ್ಕಿತು. ಸಾಲ್ಟ್ ಲೇಕ್ ಸಿಟಿ ಬೆಟ್ಟಗಳ ನಡುವಿನ ಕಣಿವೆ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಪೂರ್ವಕ್ಕೆ ಗೋಡೆಯಂತೆ ನಿಂತ ವಾಸಾಚ್ ಪರ್ವತಸಾಲು, ಪಶ್ಚಿಮಕ್ಕೆ ಉಪ್ಪಿನ ಸರೋವರ, ಅದರಾಚೆ ಬಿಳಿಯ ಉಪ್ಪಿನ ಬಯಲು. ಕೆನಡಾದ ಗಡಿಯಿಂದ ದಕ್ಷಿಣದ ಕ್ಯಾಲಿಫೋರ್ನಿಯಾದವರೆಗೆ ಹೋಗುವ 15ನೆಯ ಹೆದ್ದಾರಿಯೂ, ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿನ ಹತ್ತಿರದವರೆಗೆ ಹೋಗುವ 80ನೆಯ ಹೆದ್ದಾರಿಯೂ ಒಂದನ್ನೊಂದು ದಾಟುವುದು ಈ ಊರಿನಲ್ಲಿ. 1869ರ ಮೇ 10ರಂದು ಅಮೆರಿಕದ ಪೂರ್ವ ಪಶ್ಚಿಮದ ರೈಲುಹಳಿಗಳು ಕೂಡಿದ ಪ್ರೊಮೊಂಟರಿ ಎಂಬ ಜಾಗವೂ ಸರೋವರದ ಉತ್ತರಕ್ಕೇ ಇದೆ. ಸಾಮಾನು ಇಳಿಸುವುದು, ಬೇರೆ ಗಾಡಿಗೆ ಏರಿಸುವುದು, ಮುಂದಕ್ಕೆ ಕಳಿಸುವುದು ಈ ಊರಿನ ಹಳೆಯ ಕಸುಬು. ವಿಮಾನ ನಿಲ್ದಾಣದ ಪಶ್ಚಿಮಕ್ಕೆ ಹೋದರೆ ಕಣ್ಣು ಹಾಯಿಸಿದಷ್ಟೂ ಗೋಡೌನುಗಳು. ಎಷ್ಟೋ ಲಾರಿಗಳ ಬೆನ್ನ ಮೇಲೆ "ಡ್ರೈವರುಗಳು ಬೇಕಾಗಿದ್ದಾರೆ" ಎಂಬ ಬರಹ.

ಲೈಸೆನ್ಸಿಗೂ ಒಂದು ಕ್ರಮವಿದೆ. ಮೊದಲು ವೈದ್ಯರ ತಪಾಸಣೆ. ಆ ಚೀಟಿ ಹೆಚ್ಚೆಂದರೆ ಎರಡು ವರ್ಷ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ಕಲಿಕೆಯ ಪರವಾನಗಿ. ಅದು ಕೈಗೆ ಬಂದು 14 ದಿನವಾಗುವವರೆಗೆ ಗಾಡಿಯ ಪರೀಕ್ಷೆಗೆ ಕೂರುವ ಹಾಗಿಲ್ಲ. 2022ರ ಫೆಬ್ರವರಿಯಿಂದ ಸರ್ಕಾರದ ಪಟ್ಟಿಯಲ್ಲಿರುವ ಶಾಲೆಯಲ್ಲೇ ತರಬೇತಿ ಪಡೆಯಬೇಕೆಂಬ ನಿಯಮವೂ ಇದೆ. ದೊಡ್ಡ ಗಾಡಿಯ ಟ್ರೇಲರೇ 53 ಅಡಿ ಉದ್ದ. ಸರಕೂ ಸೇರಿ 80,000 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ 36 ಟನ್ನು. ಇಷ್ಟಕ್ಕೂ ಒಬ್ಬಳೇ. ಕ್ಲೀನರು ಎಂಬ ಪ್ರಾಣಿಯೇ ಅಲ್ಲಿಲ್ಲ.

ಪರೀಕ್ಷೆಯಲ್ಲಿ ಮೂರು ಭಾಗ. ಗಾಡಿಯ ಸುತ್ತ ನಡೆದು ಒಂದೊಂದು ಅಂಗವನ್ನೂ ಮುಟ್ಟಿ ಹೆಸರು ಹೇಳಿ, ಅದು ಸರಿಯಿದೆಯೆಂದು ಹೇಗೆ ತಿಳಿಯಿತೆಂದು ವಿವರಿಸಬೇಕು. ಆಮೇಲೆ ಹಿಂದಕ್ಕೆ ಬಿಟ್ಟು ಗೆರೆಗಳ ನಡುವೆ ನಿಲ್ಲಿಸಬೇಕು. ಕೊನೆಗೆ ರಸ್ತೆ. ಮೊದಲ ಭಾಗಕ್ಕೆ ನಾನೇ ಮೇಷ್ಟ್ರು. ರಾತ್ರಿ ಪಾತ್ರೆ ತೊಳೆಯುತ್ತ ಅವಳು ಒಪ್ಪಿಸುವುದು, ನಾನು ಕನ್ನಡಕ ಹಾಕಿಕೊಂಡು ಹಾಳೆ ನೋಡುವುದು. ಫಿಫ್ತ್ ವೀಲ್, ಕಿಂಗ್‌ಪಿನ್, ಗ್ಲಾಡ್ ಹ್ಯಾಂಡ್... ಹದಿನೇಳರ ಮಗ್ಗಿಗಿಂತ ಕಷ್ಟ. ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಗಾಡಿಗಳ ಬ್ರೇಕು ಗಾಳಿಯದು. ಗಾಳಿ ಪೂರ್ತಿ ಸೋರಿಹೋದರೆ ಬ್ರೇಕು ಬಿಟ್ಟುಹೋಗುವುದಿಲ್ಲ. ಒಳಗಿನ ಸ್ಪ್ರಿಂಗು ತಾನಾಗಿ ಹಿಡಿದುಕೊಳ್ಳುತ್ತದೆ. ಯಾರೋ ಬುದ್ಧಿವಂತರು, ಮನೆಮಂದಿಯನ್ನು ನೆನೆದು ಮಾಡಿದ್ದು ಎನ್ನಿಸಿತು.

ಡಿಸೆಂಬರಿನಲ್ಲಿ ಪಾಸಾದಳು. ಪಾಯಸ ಮಾಡಿದೆ. ಇನ್ನೇನು ಕೆಲಸ ಓಡಿಬರುತ್ತದೆ ಎಂದುಕೊಂಡರೆ, ಹುಡುಕಾಟ ಶುರುವಾದದ್ದೇ ಆಮೇಲೆ.

ಹೊಸಬರನ್ನು ಕರೆಯುವವು ಹೆಚ್ಚಾಗಿ ದೂರದೂರಿಗೆ ಸಾಗಿಸುವ ದೊಡ್ಡ ಕಂಪನಿಗಳು. ಮೂರು ನಾಲ್ಕು ವಾರ ರಸ್ತೆಯಲ್ಲಿ, ಆಮೇಲೆ ಎರಡು ಮೂರು ದಿನ ಮನೆಯಲ್ಲಿ. ಮಲಗುವುದು ಸೀಟಿನ ಹಿಂದಿನ ಹಾಸಿಗೆಯಲ್ಲಿ. ತರಬೇತಿಯ ಖರ್ಚನ್ನು ತಾವೇ ಹಾಕಿ, ಒಂದು ವರ್ಷ ಬಿಡುವಂತಿಲ್ಲ, ಬಿಟ್ಟರೆ ಹಣ ಕಟ್ಟಿ ಎಂದು ಬರೆಸಿಕೊಳ್ಳುವವರೂ ಉಂಟು. ಕೂಲಿ ಗಂಟೆಗಲ್ಲ, ಮೈಲಿಗೆ. ಗೋಡೌನಿನ ಮುಂದೆ ಕಾದ ಹೊತ್ತಿಗೆ ಕಾಸಿಲ್ಲ, ಇದ್ದರೂ ಅಷ್ಟಕ್ಕಷ್ಟೆ. ಹತ್ತು ಗಂಟೆ ವಿಶ್ರಾಂತಿಯ ನಂತರ 14 ಗಂಟೆಯ ಒಳಗೆ 11 ಗಂಟೆ ಮಾತ್ರ ಓಡಿಸಬಹುದೆಂಬ ಕಾನೂನಿದೆ. ಗಾಡಿಗೆ ಜೋಡಿಸಿದ ಯಂತ್ರವೇ ಅದರ ಲೆಕ್ಕ ಬರೆಯುತ್ತದೆ. ಕಾಯುವುದರಲ್ಲೇ ನಾಲ್ಕೈದು ಗಂಟೆ ಹೋದರೆ ಆ ದಿನದ ಸಂಪಾದನೆಯೂ ಹೋಯಿತು.

ಇನ್ನೊಂದು ಮಾತು ಹೆಂಗಸರಿಗೇ ಸೇರಿದ್ದು. ಈ ಕಂಪನಿಗಳಲ್ಲಿ ಹೊಸಬರು ಮೊದಲ ಕೆಲವು ವಾರ ಒಬ್ಬ ಹಳೆಯ ಡ್ರೈವರಿನ ಜೊತೆ ಹೋಗಬೇಕು. ಅದೇ ಗಾಡಿಯಲ್ಲೇ ಊಟ, ಅಲ್ಲೇ ನಿದ್ದೆ. ಗುರುತಿಲ್ಲದ ಗಂಡಸಿನ ತಲೆಯ ಮೇಲಿನ ಹಾಸಿಗೆಯಲ್ಲಿ ರಾತ್ರಿ ಕಳೆಯುವುದೆಂದರೆ! ಒಂದು ಕಂಪನಿ ಹೆಂಗಸರಿಗೆ ಹೆಂಗಸರೇ ಕಲಿಸಬೇಕೆಂದು ನಿಯಮ ಮಾಡಿತಂತೆ. ಕಲಿಸುವ ಹೆಂಗಸರೇ ವಿರಳವಾದ್ದರಿಂದ ಕೆಲಸ ಕೇಳಿ ಬಂದವರು ಬಹಳ ಕಾಲ ಕಾಯಬೇಕಾಯಿತು. ಗಂಡಸರು ಸೇರಿ ಹೋಗುತ್ತಲೇ ಇದ್ದರು. 2014ರಲ್ಲಿ ಅಲ್ಲಿನ ನ್ಯಾಯಾಲಯ ಇದನ್ನು ತಾರತಮ್ಯವೆಂದು ತೀರ್ಪು ಕೊಟ್ಟಿತು. ತೀರ್ಪು ನ್ಯಾಯವೇ, ಭಯವೂ ನಿಜವೇ. ಎರಡರ ನಡುವೆ ಹೆಣ್ಣು ನಿಂತಲ್ಲೇ ನಿಂತಿದ್ದಾಳೆ.

ಹಾಗಾದರೆ ಊರಿನೊಳಗೇ ಓಡಿಸುವ ಕೆಲಸ? ಅದಕ್ಕೆ ಒಂದು ವರ್ಷದ ಅನುಭವ ಬೇಕು, ಎರಡು ವರ್ಷದ್ದು ಬೇಕು, ಇನ್ಶೂರೆನ್ಸಿನವರು ಒಪ್ಪುವುದಿಲ್ಲ ಎನ್ನುತ್ತಿದ್ದರು. ಸಾಲದ್ದಕ್ಕೆ ಆ ವರ್ಷ ಸಾಗಣೆಯ ಬಾಡಿಗೆಗಳೇ ಕುಸಿದಿದ್ದವು. ಸುಮಾರು ನೂರು ವರ್ಷ ಹಳೆಯದಾದ ಒಂದು ಸಾಗಣೆ ಕಂಪನಿ 2023ರ ಜುಲೈ ಕೊನೆಗೆ ಬಾಗಿಲು ಮುಚ್ಚಿ, ದೇಶದಾದ್ಯಂತ ಸುಮಾರು 30,000 ಜನ ಬೀದಿಗೆ ಬಿದ್ದಿದ್ದರು. ಇಪ್ಪತ್ತು ವರ್ಷ ಓಡಿಸಿದವರೇ ಸಾಲಿನಲ್ಲಿ ನಿಂತಿರುವಾಗ ಇಪ್ಪತ್ತು ದಿನದ ಲೈಸೆನ್ಸಿನವಳನ್ನು ಕೇಳುವವರು ಯಾರು?

ಮಗಳು ಒಂದು ನೋಟುಪುಸ್ತಕ ಇಟ್ಟಳು. ಫೋನಿನಲ್ಲಿ ಎಲ್ಲರಿಗೂ ಅವೇ ಪ್ರಶ್ನೆ. ವಾರದಲ್ಲಿ ಎಷ್ಟು ರಾತ್ರಿ ಮನೆಯಲ್ಲಿ? ಖಾಲಿ ಗಾಡಿ ಓಡಿಸಿದ ಮೈಲಿಗೂ ಕೊಡುತ್ತೀರಾ? ಕಾದದ್ದಕ್ಕೆ? ಹಿಮ ಸುರಿದು ದಾರಿ ಮುಚ್ಚಿದರೆ ಆ ದಿನಕ್ಕೆ? ಆಳು ಸೇರಿಸುವವರ ದನಿ ಜೇನಿನಂತಿರುತ್ತದೆ. "ಸಾಮಾನ್ಯವಾಗಿ ಮನೆಗೆ ಬರ್ತೀರಿ" ಎಂದರೆ ಇವಳು "ಸಾಮಾನ್ಯವಾಗಿ ಅಂದ್ರೆ ಎಷ್ಟು ರಾತ್ರಿ?" ಎಂದು ಕೇಳುವಳು. ಆಚೆ ಕಡೆ ಮೌನ. ಪುಸ್ತಕದಲ್ಲಿ ಒಂದು ಅಡ್ಡಗೆರೆ.

ನನ್ನ ದಿನಗಳು ಕರಗುತ್ತಿದ್ದವು. ಏಪ್ರಿಲ್ ಎರಡನೆಯ ವಾರ ನಾನು ಹೊರಡಲೇಬೇಕು. ಫೆಬ್ರವರಿಯಲ್ಲಿ ಒಂದು ದೂರದ ಕಂಪನಿ ಕರೆಯಿತು. ಒಳ್ಳೆಯ ಸಂಬಳ, ಪೂರ್ವಕ್ಕೆ ವಯೋಮಿಂಗ್ ದಾಟಿ ಹೋಗುವ ದಾರಿ. ಅದೇನು ಕಡಿಮೆ ದಾರಿಯೇ? ಊರು ಬಿಟ್ಟೊಡನೆ ಪಾರ್ಲೀಸ್ ಕಣಿವೆಯ ಏರು, ನೆತ್ತಿ 7,000 ಅಡಿಗೂ ಮೇಲೆ. ಆಚೆಗೆ ಖಾಲಿ ಟ್ರೇಲರನ್ನು ಮಗುಚಿ ಹಾಕುವಂಥ ಗಾಳಿ. ಹಿಮದಲ್ಲಿ ಚಕ್ರಕ್ಕೆ ಸರಪಳಿ ತಾನೇ ಕಟ್ಟಿಕೊಳ್ಳಬೇಕು. ಇಳಿಜಾರಿನಲ್ಲಿ ಬ್ರೇಕು ಕಾದು ಕೈಕೊಡದಂತೆ ಕಡಿಮೆ ಗೇರಿನಲ್ಲೇ ಇಳಿಯಬೇಕು. ನಮ್ಮ ಘಾಟಿಯ ಡ್ರೈವರುಗಳು ಮಾಡುವುದೂ ಅದನ್ನೇ. ದಾರಿಗೆ ಅವಳು ಹೆದರಲಿಲ್ಲ. ಆದರೆ ಮಗು?

"ಒಂದು ವರ್ಷ ಇವನನ್ನ ಊರಿಗೆ ಕರ್ಕೊಂಡು ಹೋಗ್ಲಾ?" ಎಂದು ನಾನೇ ಕೇಳಿದೆ. ಹುಡುಗ ಮಲಗಿದ್ದಾನೆಂದುಕೊಂಡಿದ್ದೆವು. ಬೆಳಿಗ್ಗೆ ಹಾಲು ಕುಡಿಯುತ್ತ ಕೇಳಿದ, "ಅಜ್ಜಿ, ಸಕಲೇಶಪುರದಲ್ಲಿ ಸ್ನೋ ಬೀಳುತ್ತಾ? ನನ್ನ ಬೂಟ್ಸ್ ತಗೋಬೇಕಾ?" ಮಗಳು ತಟ್ಟೆ ಅಲ್ಲೇ ಬಿಟ್ಟು ಎದ್ದುಹೋದಳು. ಆ ಸಂಜೆ ಕಂಪನಿಗೆ ಫೋನ್ ಮಾಡಿ ಬೇಡವೆಂದಳು. ಬಾಡಿಗೆ ಕಟ್ಟಲು ಎರಡು ತಿಂಗಳ ಹಣವಿತ್ತು. ನಾನು ದೇವರ ಮುಂದೆ ದೀಪ ಹಚ್ಚಿದೆನೇ ಹೊರತು ಏನೂ ಕೇಳಿಕೊಳ್ಳಲು ತೋಚಲಿಲ್ಲ.

ಆಮೇಲೆ ಅವಳು ಫೋನು ಬಿಟ್ಟು ಕಾಲಿಗೆ ಕೆಲಸ ಕೊಟ್ಟಳು. ಮಗುವನ್ನು ಶಾಲೆಗೆ ಬಿಟ್ಟು ಗೋಡೌನುಗಳ ಬೀದಿಗೆ ಹೋಗಿ ಒಂದೊಂದು ಗೇಟನ್ನೂ ತಟ್ಟುವುದು. ರೈಲಿನಲ್ಲಿ ಬಂದ ಕಂಟೇನರುಗಳನ್ನು ಯಾರ್ಡಿನಿಂದ ಗೋಡೌನಿಗೆ ಎಳೆಯುವ ಸಣ್ಣ ಕಂಪನಿಗಳೂ ಅಲ್ಲಿವೆ. ಇವರ ಗಾಡಿಗಳು ರಾತ್ರಿ ತಮ್ಮ ಗೂಡಿಗೇ ಮರಳುತ್ತವೆ. ಮಾರ್ಚ್ ಕೊನೆಗೆ ಅಂಥ ಒಂದು ಕಡೆ ಮಾಲೀಕ ಇವಳ ಕಾಗದವನ್ನೇ ನೋಡಲಿಲ್ಲವಂತೆ. ಬೀಗದಕೈ ಕೊಟ್ಟು, ಎರಡು ಗಾಡಿಗಳ ನಡುವಿನ ಸಂದಿ ತೋರಿಸಿ, ಹಿಂದಕ್ಕೆ ಬಿಟ್ಟು ನಿಲ್ಲಿಸು ಎಂದನಂತೆ. ಇವಳು ಅರ್ಧಕ್ಕೆ ನಿಲ್ಲಿಸಿ ಕೆಳಗಿಳಿದು ಹಿಂದೆ ಹೋಗಿ ನೋಡಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಮೂರು ಸಲ. ಸುತ್ತ ನಿಂತ ಗಂಡಸರು ನಗುತ್ತಿದ್ದರು. ಮಾಲೀಕ ಮಾತ್ರ, "ಗಾಡಿಯಿಂದ ಇಳಿದು ನೋಡುವವರು ನನ್ನ ಬಾಗಿಲು ಮುರಿಯುವುದಿಲ್ಲ, ಸೋಮವಾರದಿಂದ ಬಾ" ಎಂದನಂತೆ.

ಸಂಬಳ ದೂರದ ಕಂಪನಿಗಿಂತ ಕಡಿಮೆ. 2024ರ ಮೇ ತಿಂಗಳ ಸರ್ಕಾರಿ ಲೆಕ್ಕದಲ್ಲಿ ಆ ದೇಶದ ಭಾರೀ ಲಾರಿ ಡ್ರೈವರುಗಳ ಮಧ್ಯದ ವರಮಾನ ವರ್ಷಕ್ಕೆ 57,440 ಡಾಲರು. ಇವಳದು ಅದಕ್ಕೂ ಕೆಳಗೆ. ಬೆಳಿಗ್ಗೆ ನಾಲ್ಕಕ್ಕೆ ಹೊರಡಬೇಕು. ನಾನು ಹೊರಡುವ ಮುನ್ನ ಪಕ್ಕದ ಮನೆಯ ಮೆಕ್ಸಿಕೋದ ಹೆಂಗಸಿನೊಡನೆ ಮಾತಾಯಿತು. ಅವರ ಮಕ್ಕಳು ಶಾಲೆಗೆ ಹೋಗುವಾಗ ಇವನೂ ಹೋಗುತ್ತಾನೆ. ಶನಿವಾರ ಆಕೆ ಅಂಗಡಿ ಕೆಲಸಕ್ಕೆ ಹೋದಾಗ ಆ ಮಕ್ಕಳು ಇವಳ ಮನೆಯಲ್ಲಿ. ಆಕೆಗೆ ಕನ್ನಡ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಅವರು ಕೊಟ್ಟ ಜೋಳದ ರೊಟ್ಟಿಗೆ ನಾನು ಚಟ್ನಿಪುಡಿ ಹಚ್ಚಿಕೊಟ್ಟೆ. ಅಷ್ಟರಲ್ಲೇ ಒಪ್ಪಂದವಾಯಿತು.

ನಮ್ಮ ದೇಶದಲ್ಲೂ ಈ ಸೀಟು ಹತ್ತಿದವರಿದ್ದಾರೆ. ಭೋಪಾಲದ ಯೋಗಿತಾ ರಘುವಂಶಿ ಕಾನೂನು ಓದಿದವರು, ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಲಾರಿ ಹಿಡಿದವರು. ಅಮೆರಿಕದಲ್ಲೂ ಈ ಕೆಲಸದಲ್ಲಿರುವ ಹೆಂಗಸರು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಕೇಳಲು ಬಂದಿದ್ದಳು. ಹಾಸನದಲ್ಲಿ ಡ್ರೈವಿಂಗ್ ಕಲಿತು ಭಾರೀ ವಾಹನದ ಲೈಸೆನ್ಸ್ ಮಾಡಿಸುವ ಆಸೆಯಂತೆ, ಮನೆಯಲ್ಲಿ ಬೈಗುಳವಂತೆ. "ಟೀಚರ್, ನೀವೇ ನಮ್ಮಮ್ಮಂಗೆ ಒಂದು ಮಾತು ಹೇಳಿ" ಎಂದಳು. ಹೇಳುತ್ತೇನೆ ಎಂದೆ. ಅವಳ ಕೈಗೆ ಒಂದು ಖಾಲಿ ನೋಟುಪುಸ್ತಕ ಕೊಟ್ಟು, ಕೆಲಸ ಕೊಡುತ್ತೇವೆನ್ನುವವರ ಬಳಿ ಕೇಳಬೇಕಾದ ಪ್ರಶ್ನೆಗಳನ್ನು ಮೊದಲ ಪುಟದಲ್ಲಿ ಬರೆಸಿದೆ.