ಮೋಟಾರು ತಿರುಗುವ ಬಗೆ

ಶೃಂಗೇರಿಯ ನೆರೆಯಲ್ಲಿರುವ ಮೆಣಸೆಯ ಕಡೆ ಬೇಸಗೆಯಲ್ಲಿ ಅಡಕೆತೋಟಕ್ಕೆ ನೀರನ್ನೆತ್ತುವ ಮೋಟಾರು ಸುಟ್ಟಿತೆಂದರೆ, ಅದನ್ನು ಬಿಚ್ಚಿ, ಪೇಟೆಗೆ ಒಯ್ದು, ಕಾಯಿಲು ಕಟ್ಟಿಸಿ ತರುವುದರೊಳಗಾಗಿ ಎಳೆಯ ಸಸಿಗಳು ಬಾಡತೊಡಗುವುವು. ಖರ್ಚಿಗಿಂತಲೂ ಈ ನಾಲ್ಕು ದಿನಗಳ ಕಳವಳವೇ ಗೃಹಸ್ಥನಿಗೆ ದೊಡ್ಡದು. ಆದರೂ ಮೋಟಾರು ತಿರುಗುವುದೇಕೆಂದು ಕೇಳಿದರೆ, "ಕರೆಂಟು ತಿರುಗಿಸುತ್ತದೆ" ಎಂಬಲ್ಲಿಗೆ ಉತ್ತರವು ಮುಗಿಯುವುದುಂಟು.

ಇದಕ್ಕೆ ಬೇಕಾದ ದೃಷ್ಟಾಂತವು ಈ ಸೀಮೆಗೆ ಹೊಸತಲ್ಲ. ಶ್ರೀ ಶಂಕರ ಭಗವತ್ಪಾದರು ಬ್ರಹ್ಮಸೂತ್ರಭಾಷ್ಯದಲ್ಲಿ, ತಾನು ಚಲಿಸದೆ ಕಬ್ಬಿಣವನ್ನು ಚಲಿಸುವಂತೆ ಮಾಡುವ ಅಯಸ್ಕಾಂತವನ್ನು ಉದಾಹರಿಸಿರುವರು. ಮೆಣಸೆಯಲ್ಲಿರುವ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ ಗಾಂಧಿ ಪರಿಸರದಲ್ಲಿ ವೇದಾಂತವನ್ನೋದುವ ವಿದ್ಯಾರ್ಥಿಗೆ ಇದು ಪರಿಚಿತವಾದ ಮಾತು. ಪಂಪಿನ ಮೋಟಾರಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ವಿಶೇಷವೆಂದರೆ, ಇಲ್ಲಿ ಕಾಂತವಾದ ಕಬ್ಬಿಣವು ನಿಂತಲ್ಲಿಯೇ ನಿಂತಿರುವಾಗ ಅದರ ಸೆಳೆತ ಮಾತ್ರ ಸುತ್ತುತ್ತಿರುವುದು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಮಹಾಶಯನು, ವಿದ್ಯುತ್ತು ಹರಿಯುವ ತಂತಿಯು ದಿಕ್ಸೂಚಿಯ ಸೂಜಿಯನ್ನು ಕದಲಿಸುವುದನ್ನು ಕಂಡನು. ಮರುವರ್ಷವೇ ಇಂಗ್ಲೆಂಡಿನ ಫ್ಯಾರಡೆಯು ಅಂತಹ ತಂತಿಯನ್ನು ಕಾಂತದ ಸುತ್ತಲೂ ತಿರುಗಿಸಿ ತೋರಿಸಿದನು. ಮೊದಲು ಬಂದ ಮೋಟಾರುಗಳಲ್ಲಿ ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸಲು ಬ್ರಷ್ಷುಗಳು ಉಜ್ಜುತ್ತಿರಬೇಕಾಗಿತ್ತು. ಅಡಿಗೆಮನೆಯ ಮಿಕ್ಸಿಯು ಆ ವಂಶದ್ದು. ಅದರೊಳಗೆ ಇಣುಕುವ ಕಿಡಿಯು ಬ್ರಷ್ಷಿನದು. ತೋಟದ ಮೋಟಾರಿನಲ್ಲಾದರೋ ಈ ಉಜ್ಜಾಟವೇ ಇಲ್ಲ. ಅದು 1888ರಲ್ಲಿ ಟೆಸ್ಲಾ ಎಂಬವನು ಅಮೆರಿಕದಲ್ಲಿ ಪೇಟೆಂಟು ಪಡೆದ ಬಗೆಯದು.

ಮೂರು ಫೇಸುಗಳ ವಿದ್ಯುತ್ತು ಒಟ್ಟಿಗೆ ಏರಿಳಿಯದೆ, ಒಂದರ ಹಿಂದೊಂದು ಸಮಾನಾಂತರದಲ್ಲಿ ಏರಿಳಿಯುವುದು. ಬೀಸುವ ಕಲ್ಲಿನ ಸುತ್ತ ಮೂವರು ಕುಳಿತು, ಗೂಟವನ್ನು ಸರದಿಯಾಗಿ ತಮ್ಮ ತಮ್ಮ ಕಡೆಗೆ ಸೆಳೆದುಕೊಂಡರೆ ಕಲ್ಲು ತಿರುಗುವುದಷ್ಟೆ? ಹಾಗೆಯೇ ಹೊರಗಿನ ಸುರುಳಿಗಳಲ್ಲಿ ಕಾಂತದ ಸೆಳೆತವು ಸುತ್ತುವುದು. ಒಳಗಿನ ಉರುಳೆಯಲ್ಲಿರುವುದು ಎರಡು ತುದಿಗಳಲ್ಲಿಯೂ ಬಳೆಗಳಿಂದ ಕೂಡಿಸಿದ ಲೋಹದ ಸರಳುಗಳು ಮಾತ್ರ. ಸೆಳೆತವು ಅವನ್ನು ದಾಟುವಾಗ ಅವುಗಳಲ್ಲಿ ವಿದ್ಯುತ್ತು ಹುಟ್ಟಿ, ಉರುಳೆಯು ಸೆಳೆತದ ಬೆನ್ನುಹತ್ತುವುದು. ಹಿಡಿಯುವುದು ಮಾತ್ರ ಎಂದಿಗೂ ಇಲ್ಲ. ಹಿಡಿದರೆ ದಾಟುವಿಕೆಯೇ ನಿಂತು ಬಲವೂ ಉಡುಗುವುದು. ಈ ದೇಶದ 50 ಆವರ್ತಗಳ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಸೆಳೆತವು ನಿಮಿಷಕ್ಕೆ 1500 ಸುತ್ತು ಬರುವಾಗ, ಮೋಟಾರಿನ ಫಲಕದ ಮೇಲೆ 1440ರ ಆಸುಪಾಸಿನ ಅಂಕೆಯಿರುವುದು ಇದರಿಂದಲೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದುದೂ ಮೂರು ಫೇಸುಗಳ ವಿದ್ಯುತ್ತೇ. ಬೆಂಗಳೂರಿನ ಬೀದಿಗೆ ಅದರ ದೀಪ ಬಂದುದು 1905ರಲ್ಲಿ. ಮೊದಲ ಪಾಲು ಗಣಿಯ ಯಂತ್ರಗಳದಾಗಿತ್ತು.

ಮನೆಯೊಳಕ್ಕೆ ಬರುವ ಒಂದೇ ಫೇಸು, ಬೀಸುವ ಕಲ್ಲನ್ನು ಒಂದೇ ಕಡೆಯಿಂದ ಎಳೆದು ನೂಕುವ ಒಬ್ಬಂಟಿಯಂತೆ. ನಿಂತ ಕಲ್ಲು ಅದರಿಂದ ಅದುರುವುದೇ ಹೊರತು ಹೊರಡದು. ಹೊರಟ ಮೇಲೆ ನಡೆಯಬಲ್ಲುದು. ಆದುದರಿಂದಲೇ ಸಾಮಾನ್ಯವಾದ ಸೀಲಿಂಗ್ ಫ್ಯಾನಿನಲ್ಲಿ ಎರಡನೆಯ ಸುರುಳಿಯನ್ನೂ ಕೆಪಾಸಿಟರನ್ನೂ ಇಟ್ಟು, ಇನ್ನೊಂದು ಸರದಿಯನ್ನು ಕಲ್ಪಿಸಿರುವರು. ಕೋಲಿನಿಂದ ತಟ್ಟಿದರೆ ಮಾತ್ರ ಹೊರಡುವ ಫ್ಯಾನಿನಲ್ಲಿ ಬಹುಶಃ ಕೆಪಾಸಿಟರು ಸೋತಿದೆ.

ತೋಟದ ಅಪಾಯವೂ ಇಲ್ಲಿಯೇ ಅಡಗಿದೆ. ವೈಶಾಖದ ಗಾಳಿಮಳೆಗೆ ಕೊಂಬೆಯೊಂದು ಬಿದ್ದು ಒಂದು ಫೇಸು ಕಡಿದುಹೋಯಿತೆನ್ನಿ. ತಿರುಗುತ್ತಿದ್ದ ಮೋಟಾರು ಒಡನೆ ನಿಲ್ಲದು. ಮೂವರ ಹೊರೆಯನ್ನು ಉಳಿದ ಎರಡು ತಂತಿಗಳೇ ಹೊತ್ತು, ಮಿತಿಮೀರಿದ ವಿದ್ಯುತ್ತನ್ನೆಳೆದು, ಸುರುಳಿಯ ವಾರ್ನಿಷು ಕರಿಕಾಗುವವರೆಗೂ ದುಡಿಯುವುದು. ನಿಂತ ಮೋಟಾರಿನ ಗುಂಡಿಯನ್ನು ಆಗ ಒತ್ತಿದರಂತೂ ಅದು ಗುಂಯ್ಗುಟ್ಟುತ್ತ ಇನ್ನೂ ಬೇಗನೆ ಸುಡುವುದು. ಉರುಳೆಯ ಓಟವೇ ವಿದ್ಯುತ್ತಿನ ಸೇದುವಿಕೆಗೆ ಕಡಿವಾಣ. ಓಟವಿಲ್ಲದಾಗ ಕಡಿವಾಣವೂ ಇಲ್ಲ. ವೋಲ್ಟೇಜು ಅರ್ಧಕ್ಕಿಳಿದರೆ ತಿರುಗಿಸುವ ಬಲವು ಕಾಲುಭಾಗಕ್ಕಿಳಿಯುವುದೆಂಬುದನ್ನೂ ಇಲ್ಲಿ ನೆನೆಯಬೇಕು.

ಸ್ಟಾರ್ಟರಿನ ರಿಲೇ ಇರುವುದು ಇದನ್ನು ತಡೆಯುವುದಕ್ಕಾಗಿ. ಅದು ಪದೇ ಪದೇ ಬೀಳುವುದೆಂದು ಬೇಸತ್ತು ಕಡ್ಡಿ ಸಿಕ್ಕಿಸುವ ಜಾಣತನವೇ ಅನೇಕ ಮೋಟಾರುಗಳನ್ನು ನುಂಗಿದೆ. ಫಲಕದ ಕೆಂಪು, ಹಳದಿ, ನೀಲಿ ದೀಪಗಳನ್ನೇ ನಂಬಿದರೂ ಸಾಲದು. ಫೇಸು ಹೋದ ತಂತಿಯಲ್ಲಿ, ಓಡುತ್ತಿರುವ ಮೋಟಾರು ತಾನೇ ವಿದ್ಯುತ್ತನ್ನು ಹುಟ್ಟಿಸಿ ದೀಪವನ್ನು ಉರಿಸುತ್ತಿರಬಹುದು. ಶಬ್ದವು ಒರಟಾಗಿ ಸಂದೇಹ ಬಂದಾಗ ಮೊದಲು ಮೋಟಾರನ್ನು ನಿಲ್ಲಿಸಿ, ಆಮೇಲೆ ದೀಪಗಳನ್ನು ನೋಡಬೇಕು.