ಮಾವನ ಕಾರು ಮತ್ತು ನಾನು ಹೇಳಿದ ಸುಳ್ಳು



ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ ನಾನು ತರಗತಿಯಲ್ಲಿ ಒಂದು ಸುದ್ದಿ ಹೇಳಿದ್ದೆ. ನಮ್ಮ ಮಾವ ಕಾರ್ ರೇಸಿನಲ್ಲಿ ಮೂರನೇ ಬಹುಮಾನ ಗೆದ್ದರು ಅಂತ. ಅದು ಸುಳ್ಳು. ನಿಜವಾಗಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೋದರಮಾವನಿಗೆ ಮುಳಬಾಗಿಲಿನಲ್ಲಿ ಚಿಕ್ಕ ಗ್ಯಾರೇಜಿದೆ. ರೇಸ್ ಅವರ ಕೆಲಸವಲ್ಲ, ಬರೀ ಹುಚ್ಚು. ಒಂದು ಹಳೇ ಕೆಂಪು ಕಾರನ್ನು ಎರಡು ವರ್ಷ ರಾತ್ರಿ ಹೊತ್ತು ಕೂತು ರಿಪೇರಿ ಮಾಡಿದ್ದರು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಒಂದು ಶನಿವಾರ, ಭಾನುವಾರ ಹವ್ಯಾಸಿಗಳಿಗೆ ಸ್ವಂತ ಕಾರು ಓಡಿಸಲು ಬಿಡುತ್ತಾರೆಂದು ದುಡ್ಡು ಕಟ್ಟಿದರು.

ಅಮ್ಮ, "ರೌಂಡ್ ಹೊಡ್ಯೋಕೆ ಅಷ್ಟು ದೂರ ಹೋಗ್ಬೇಕೇನೋ? ಇಲ್ಲೇ ಹೈವೇಲಿ ಓಡ್ಸು" ಎಂದು ಬೈದರು.

"ರೋಡಲ್ಲಿ ಜೋರಾಗಿ ಓಡ್ಸೋದು ಬೇರೆಯೋರ ಜೀವದ ಜೊತೆ ಆಟ ಅಕ್ಕ. ಅದಕ್ಕೇ ಅಲ್ಲಿಗೆ ಹೋಗೋದು" ಅಂದರು ಮಾವ. ಅಮ್ಮ ಸುಮ್ಮನಾಗಿ ಚಿತ್ರಾನ್ನ ಕಟ್ಟಿಕೊಟ್ಟರು.

ಶುಕ್ರವಾರ ಬೆಳಗಿನ ಜಾವ 4 ಗಂಟೆಗೆ ಮಾವ, ಗ್ಯಾರೇಜಿನ ಅಣ್ಣ ಮತ್ತು ನಾನು ಹೊರಟೆವು. ನಂಗಲಿ ದಾಟಿದರೆ ಆಂಧ್ರ. ಪಲಮನೇರು, ಚಿತ್ತೂರು ಆದಮೇಲೆ ತಮಿಳುನಾಡು. ಒಂದೇ ಬೆಳಿಗ್ಗೆ ಬೋರ್ಡುಗಳ ಮೇಲೆ ಮೂರು ಭಾಷೆಯ ಅಕ್ಷರ ನೋಡಿದೆ. ರಾಮಾನುಜಾಚಾರ್ಯರು ಹುಟ್ಟಿದ ಶ್ರೀಪೆರಂಬದೂರೂ ದಾರಿಯಲ್ಲೇ ಸಿಕ್ಕಿತು. 1991ರಲ್ಲಿ ರಾಜೀವ್ ಗಾಂಧಿಯವರು ತೀರಿಕೊಂಡದ್ದು ಅದೇ ಊರಿನಲ್ಲಿ. ಅಲ್ಲಿಂದ ಟ್ರ್ಯಾಕ್ ಹತ್ತಿರ.

ಆ ಟ್ರ್ಯಾಕ್ 1990ರಲ್ಲಿ ಶುರುವಾಯಿತು. ಉದ್ದ ಸುಮಾರು 3.7 ಕಿಲೋಮೀಟರ್, 12 ತಿರುವುಗಳು. ಓಡಿಸುವ ಮೊದಲು ಕಾರನ್ನು ಪರೀಕ್ಷೆ ಮಾಡಿದರು. ಹೆಲ್ಮೆಟ್ ನೋಡಿದರು, ಸೀಟ್ ಬೆಲ್ಟ್ ಎಳೆದು ನೋಡಿದರು, ಬ್ಯಾಟರಿ ಅಲ್ಲಾಡಿಸಿದರು. ಒಳಗೆ ಬಿಡಿ ವಸ್ತು ಒಂದೂ ಇರಬಾರದಂತೆ. ಹಾಗಾಗಿ ಮುಂದೆ ಇಟ್ಟಿದ್ದ ಪುಟ್ಟ ಗಣಪತಿಯನ್ನೂ ತೆಗೆಯಬೇಕಾಯಿತು. ಮಾವ ಅದನ್ನು ನನ್ನ ಜೇಬಿಗೆ ಹಾಕಿ "ಜೋಪಾನ" ಅಂದರು.

ನಾನು ಗ್ಯಾಲರಿಯಲ್ಲಿ ಕೂತೆ. ಅಣ್ಣ ಬಾವುಟಗಳ ಅರ್ಥ ಹೇಳಿಕೊಟ್ಟ. ಹಳದಿ ಅಂದರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಬಾರದು. ನೀಲಿ ಅಂದರೆ ಹಿಂದಿನಿಂದ ಜೋರಾದ ಕಾರು ಬರುತ್ತಿದೆ. ಕೆಂಪು ಅಂದರೆ ಎಲ್ಲರ ಓಟವೂ ನಿಂತಿತು. ಕಪ್ಪು ಬಿಳಿ ಚೌಕಳಿ ಅಂದರೆ ಮುಗಿಯಿತು.

ಶನಿವಾರ ಅಭ್ಯಾಸ. ಭಾನುವಾರ ಟೈಮ್ ಬರೆದುಕೊಳ್ಳುತ್ತಾರೆ, ಕಡಿಮೆ ಟೈಮಿನವರಿಗೆ ಕಪ್. ಭಾನುವಾರ ಮಾವ ಎರಡು ಸುತ್ತು ಚೆನ್ನಾಗಿ ಓಡಿಸಿದರು. ನಾನು ಸೀಟಿನ ಮೇಲೆ ನಿಂತು ಕೂಗಿದೆ. ಮೂರನೇ ಸುತ್ತಿನಲ್ಲಿ ನೇರ ದಾರಿ ಮುಗಿದು ತಿರುವು ಬಂತು. ಕಾರು ನಿಧಾನವಾಗಲೇ ಇಲ್ಲ! ಟ್ರ್ಯಾಕ್ ಬಿಟ್ಟು ಮಣ್ಣಿಗಿಳಿಯಿತು. ಧೂಳಲ್ಲಿ ಏನೂ ಕಾಣಲಿಲ್ಲ. ಹಳದಿ ಬಾವುಟ ಆಡಿತು. ನಾನು ಗಣಪತಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಬಿತ್ತು.

ಸ್ವಲ್ಪ ಹೊತ್ತಿಗೆ ಕಾರು ಮೆಲ್ಲಗೆ ವಾಪಸ್ ಬಂತು. ಮಾವನಿಗೆ ಏನೂ ಆಗಿರಲಿಲ್ಲ. ಆದರೆ ಅವರ ಕೈ ನಡುಗುತ್ತಿತ್ತು. ಅಣ್ಣ, "ತಣ್ಣಗಾದ್ರೆ ಬ್ರೇಕ್ ಹಿಡಿಯತ್ತೆ, ಇನ್ನೊಂದು ಛಾನ್ಸ್ ಇದೆ, ಹೋಗಿ" ಎಂದ. ಮಾವ, "ಬೇಡ. ಅಲ್ಲಿ ನಾನೊಬ್ನೇ ಇರಲ್ಲ" ಎಂದು ಹೆಲ್ಮೆಟ್ ಬಿಚ್ಚಿಟ್ಟರು. ನನಗೆ ಸಿಟ್ಟು ಬಂತು. ರಜೆಗೆ ಮುಂಚೆ ಮಾವ ಕಪ್ ತರುತ್ತಾರೆಂದು ನಾನು ಪೆನ್ನಿನ ಪಣ ಕಟ್ಟಿದ್ದೆ.

ಸಾಯಂಕಾಲ ಮಾವ ಕಾರಣ ಹೇಳಿದರು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಅಂಶ ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಮತ್ತೆ ಮತ್ತೆ ಜೋರಾಗಿ ಬ್ರೇಕ್ ಹಾಕಿದಾಗ ಬಿಸಿ ಏರಿ, ಕುದಿದು ಆವಿಯ ಗುಳ್ಳೆ ಏಳುತ್ತವೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಅದಕ್ಕೇ ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತದೆ. "ಊರಿಗೆಲ್ಲ ಬ್ರೇಕ್ ಆಯಿಲ್ ಬದಲಾಯ್ಸಿ ಅಂತ ಹೇಳ್ತೀನಿ. ನನ್ನ ಕಾರಿಗೆ ಮುಂದಿನ ತಿಂಗಳು ನೋಡೋಣ ಅಂದ್ಕೊಂಡೆ. ತಪ್ಪು ನಂದೇ" ಅಂದರು.

ಅಣ್ಣ ಅಂಗಡಿಗೆ ಹೋಗಿ ಹೊಸ ಆಯಿಲ್ ತಂದ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಮಾವ ಚಕ್ರದ ಹತ್ತಿರ ಮಲಗಿದರು. "ಒತ್ತು... ಹಿಡ್ಕೋ... ಬಿಡು." ನಾಲ್ಕು ಚಕ್ರಕ್ಕೂ ಹಾಗೇ ಮಾಡಿ ಗಾಳಿ ತೆಗೆದೆವು. ಮೊದಲು ಮೆತ್ತಗಿದ್ದ ಪೆಡಲ್ ಕೊನೆಗೆ ಕಲ್ಲಿನಂತಾಯಿತು. ಗಣಪತಿಯನ್ನು ವಾಪಸ್ ಇಟ್ಟೆ. ರಾತ್ರಿಯೆಲ್ಲ ನಿಧಾನವಾಗಿ ಓಡಿಸಿಕೊಂಡು ಊರಿಗೆ ಬಂದರು.

ಶಾಲೆಯಲ್ಲಿ ಎಲ್ಲರೂ ಕೇಳಿದಾಗ ನನ್ನ ಬಾಯಿಂದ ಸುಳ್ಳು ಬಂದುಬಿಟ್ಟಿತು. ಪಣದ ಪೆನ್ನೂ ಸಿಕ್ಕಿತು. ಹೋದ ವಾರ ಮಾವ ನಮ್ಮೂರಿಗೆ ಬಂದಾಗ ಹುಡುಗರು ಕಪ್ ತೋರಿಸಿ ಎಂದು ಸುತ್ತಿಕೊಂಡರು. ಮಾವ ನಕ್ಕು ಮಾತು ಮರೆಸಿದರು. ಮನೆಗೆ ಬಂದಮೇಲೆ ನನ್ನನ್ನು ಕೇಳಿದರು, "ಬ್ರೇಕ್ ಹಿಡೀಲಿಲ್ಲ ಅಂತ ಹೇಳೋಕೆ ನಂಗೇ ನಾಚ್ಕೆ ಇಲ್ಲ. ನಿಂಗ್ಯಾಕೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೆಳೆಯರೇ, ನನ್ನನ್ನು ಕ್ಷಮಿಸಿ. ಪೆನ್ನನ್ನು ಇವತ್ತು ಬೆಳಿಗ್ಗೆ ವಾಪಸ್ ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಕಾರೋ ಜೀಪೋ ಇದ್ದರೆ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತೆಂದು ಅಪ್ಪನನ್ನು ಕೇಳಿ. ಎರಡು ವರ್ಷವಾಗಿದ್ದರೆ ಮುಂದಿನ ತಿಂಗಳು ಅನ್ನಬೇಡಿ ಎಂದು ಹೇಳಿ.

– 7ನೇ ತರಗತಿಯ ವಿದ್ಯಾರ್ಥಿ